ಹೋದ ವರ್ಷದ ಅಂಕಿ

ಒಳಗಿನ ಸ್ಕ್ಯಾನ್ ಕೋಣೆಯಿಂದ ಡಾಕ್ಟರ್ ಸುಮೇಧಾ ಮೇಡಂ "ಅರವತ್ನಾಲ್ಕು" ಎಂದಾಗ ವ್ಯಾಸರಾಜನ ಕೈ ಕೀಬೋರ್ಡಿನ ಮೇಲೆ ಹೋಗುವ ಬದಲು ತನ್ನ ಹೊಕ್ಕಳ ಮೇಲೆ ಹೋಯಿತು. ಅಂಗಿಯ ಮೇಲಿನಿಂದಲೇ ಎರಡು ಬೆರಳು ಒತ್ತಿ ನೋಡಿಕೊಂಡ. ಒಳಗೆ ಏನೋ ಮಿಡಿಯುತ್ತಿತ್ತು. ಬದುಕಿದ್ದವರಿಗೆಲ್ಲ ಅಲ್ಲಿ ಮಿಡಿಯುತ್ತದೆ ಎಂದು ಮೇಡಂ ಒಮ್ಮೆ ನಕ್ಕು ಹೇಳಿದ್ದರು. ಆದರೂ ಕೊಂಕಣಿ ಸೀಮೆಯ ಕುಡಚಡೆ ರೈಲ್ವೆ ಸ್ಟೇಷನ್ನಿನ ಎದುರಿನ ಈ ಸ್ಕ್ಯಾನ್ ಸೆಂಟರಿನಲ್ಲಿ ಹನ್ನೊಂದು ವರ್ಷದಿಂದ ವರದಿ ಟೈಪು ಮಾಡುತ್ತ ಬಂದ ಅವನಿಗೆ ಇದೊಂದು ಚಟವೇ ಆಗಿಬಿಟ್ಟಿತ್ತು. ಯಾರದೋ ಪಿತ್ತಕೋಶದ ಕಲ್ಲು ಬರೆದ ದಿನ ತನ್ನ ಬಲಪಕ್ಕೆ ನೋಯುವುದು, ಯಾರದೋ ಮಿದುಳಿನ ಚುಕ್ಕೆ ಬರೆದ ದಿನ ತಲೆ ಭಾರವಾಗುವುದು. "ಊರ ಮಂದೀ ರೋಗೆಲ್ಲಾ ಮನೀಗೆ ತರ್ತೀರಿ, ಕೊತ್ತಂಬರಿ ತರ್ರಿ ಅಂದ್ರ ಮರೀತೀರಿ" ಎಂದು ಹೆಂಡತಿ ಪದ್ಮಾಬಾಯಿ ಕಾಡಿಸುತ್ತಿದ್ದಳು. ಇವತ್ತು ಅದು ನೆನಪಾದರೂ ನಗು ಬರಲಿಲ್ಲ. ಎದುರಿನ ಪರದೆಯ ಮೇಲೆ ಹೋದ ವರ್ಷದ ಫೈಲು ತೆರೆದಿತ್ತು. ಅರವತ್ನಾಲ್ಕು ಬರೆಯಬೇಕಾದ ಜಾಗದಲ್ಲಿ ಐವತ್ತೊಂದು ಕೂತಿತ್ತು.

"ವ್ಯಾಸರಾಜರ, ಹೋದ ವರ್ಷ ಎಷ್ಟಿತ್ತು ನೋಡ್ರಿ."

"ಐವತ್ತೊಂದ್ರೀ."

"ಐವತ್ತೊಂದ?" ಮೇಡಂ ಕುರ್ಚಿ ತಿರುಗಿಸಿದ ಸದ್ದು ಕೇಳಿಸಿತು. "ಒಂದ ವರ್ಷದಾಗ ಹದಿಮೂರು ಮಿಲಿಮೀಟರ್? ಹಂಗ ಹೆಂಗ ಬೆಳೀತದ? ಮ್ಯಾಲಿನ ಕುತ್ತಿಗಿ ಎಷ್ಟಿತ್ತು?"

"ಇಪ್ಪತ್ತೈದು."

"ಈಗ ಮೂವತ್ತೊಂದದ," ಎಂದರು ಮೇಡಂ, ತಮಗೇ ಹೇಳಿಕೊಂಡಂತೆ.

ಸ್ಕ್ಯಾನಿಗೆ ಮಲಗಿ ಎದ್ದವನು ಯಮನೂರಪ್ಪ. ಮೂವತ್ತು ವರ್ಷದ ಹಿಂದೆ ಮುದ್ದೇಬಿಹಾಳದ ಕಡೆಯಿಂದ ಅದಿರು ತುಂಬುವ ಕೆಲಸಕ್ಕೆ ಬಂದು, ಆ ಗಣಿ ಮುಚ್ಚಿದ ಮೇಲೆ ಮನೆ ಕಟ್ಟುವ ಚಿರೆಕಲ್ಲು ಹೊತ್ತು, ಈಗ ಒಂದು ಗೋದಾಮಿನ ಬಾಗಿಲು ಕಾಯುತ್ತ ಕೂತವನು. ಆರು ವರ್ಷದ ಹಿಂದೆ ಅವನ ಹೊಟ್ಟೆಯ ಮಹಾಧಮನಿ, ಎಂದರೆ ಎದೆಯಿಂದ ಇಳಿದು ಎರಡೂ ಕಾಲಿಗೆ ರಕ್ತ ಹಂಚುವ ದೊಡ್ಡ ನಾಳ, ಹಳೇ ಸೈಕಲ್ ಟ್ಯೂಬಿನ ಹಾಗೆ ಒಂದು ಕಡೆ ಉಬ್ಬಿತ್ತು. ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆ ಕೊಯ್ಯದೆ, ತೊಡೆಯ ಸಂದಿಯಿಂದ ತಂತಿಬಲೆಯ ಬಟ್ಟೆಕೊಳವೆಯೊಂದನ್ನು ಏರಿಸಿ ಒಳಗೇ ಕೂರಿಸಿದರು. ರಕ್ತ ಕೊಳವೆಯಲ್ಲಿ ಹರಿಯತೊಡಗಿತು. ಸುತ್ತಲಿನ ಉಬ್ಬು ಬರಿದಾದ ಚೀಲದಂತೆ ಉಳಿದು ವರ್ಷ ವರ್ಷ ಕುಗ್ಗುತ್ತ ಬಂತು: ಐವತ್ತಾರು, ಐವತ್ಮೂರು, ಐವತ್ತೆರಡು, ಐವತ್ತೊಂದು. ಆದರೆ ತೇಪೆ ಬಿದ್ದದ್ದು ಉಬ್ಬಿದ ಜಾಗಕ್ಕೆ ಮಾತ್ರ. ನಾಳ ಹಳೆಯದೇ. ಕೊಳವೆ ಕಚ್ಚಿಕೊಂಡಿರುವ ಮೇಲಿನ ಒಳ್ಳೆಯ ಭಾಗ, ಡಾಕ್ಟರರು ಕುತ್ತಿಗೆ ಎನ್ನುವ ಭಾಗ, ಸದ್ದಿಲ್ಲದೆ ವರ್ಷಗಟ್ಟಲೆ ಹಿಗ್ಗಬಹುದು. ಹಿಗ್ಗಿದರೆ ಕೊಳವೆಯ ಹಿಡಿತ ತಪ್ಪುತ್ತದೆ, ಸಂದಿಯಿಂದ ರಕ್ತ ಮತ್ತೆ ಹಳೆಯ ಚೀಲಕ್ಕೆ ಇಳಿಯುತ್ತದೆ, ಚೀಲ ಒಡೆದರೆ ಆಸ್ಪತ್ರೆ ಮುಟ್ಟುವವರೆಗೂ ಪ್ರಾಣ ತಡೆಯುವುದಿಲ್ಲ. ಅದಕ್ಕೇ ಬದುಕಿರುವವರೆಗೆ ವರ್ಷಕ್ಕೊಂದು ಸ್ಕ್ಯಾನು. ಮಾನವಮಿ ಹಬ್ಬ ಮುಗಿದ ವಾರ ಯಮನೂರಪ್ಪ ತಪ್ಪದೆ ಬರುತ್ತಿದ್ದ. ಒಂದು ವರ್ಷವೂ ತಪ್ಪಿಸಿರಲಿಲ್ಲ. ಹಾಗಾದರೆ ತಪ್ಪಿದವರು ಯಾರು?

"ಮಶೀನಿನಾಗ ಹಳೇ ಚಿತ್ರ ಉಳ್ಯೂದಿಲ್ಲ. ಹೋದ ವರ್ಷದ ಸಿ.ಡಿ. ತಂದಾರೇನು ಕೇಳಿ ಬರ್ರಿ," ಎಂದು ಮೇಡಂ ಕೂಗಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ವ್ಯಾಸರಾಜ ತಟ್ಟನೆ ಎದ್ದು ನಿಂತ. ಮೇಡಂ ತನ್ನ ಮೇಲೆ ಏನೂ ಹೊರಿಸಿರಲಿಲ್ಲ ಎಂಬುದು ನಿಂತ ಮೇಲೆ ಹೊಳೆಯಿತು.

ಅವನ ಕೆಲಸದ ರೀತಿ ಹೀಗಿತ್ತು. ಯಾವ ರೋಗಿ ಎರಡನೇ ಸಲ ಬಂದರೂ ಅವನು ಹೊಸ ಹಾಳೆ ತೆರೆಯುತ್ತಿರಲಿಲ್ಲ. ಹಳೆಯ ವರದಿಯನ್ನೇ ತೆಗೆದು, ಮೇಲಿನ ತಾರೀಖು ತಿದ್ದಿ, ಮೇಡಂ ಚೀಟಿಯಲ್ಲಿ ಗೀಚಿಕೊಟ್ಟ ಅಳತೆಗಳನ್ನು ಒಂದೊಂದಾಗಿ ಬದಲಿಸಿ, ಬೇರೆ ಹೆಸರಿನಲ್ಲಿ ಉಳಿಸುತ್ತಿದ್ದ. ಧಾರವಾಡದಲ್ಲಿ ವಕೀಲರೊಬ್ಬರ ಹತ್ತಿರ ಟೈಪು ಹೊಡೆಯುತ್ತಿದ್ದಾಗ ಕಲಿತ ಬುದ್ಧಿ ಅದು. ಹಳೇ ಕರಾರುಪತ್ರದಲ್ಲಿ ಹೆಸರು ಬದಲಿಸಿದರೆ ಹೊಸ ಕರಾರುಪತ್ರ. ಹನ್ನೊಂದು ವರ್ಷದಲ್ಲಿ ಮೂವರು ಡಾಕ್ಟರರು ಬಂದು ಹೋದರು, ಸುಮೇಧಾ ಮೇಡಂ ಬೆಳಗಾವಿಯಿಂದ ಬಂದು ಮೂರನೇ ವರ್ಷ, ಒಬ್ಬರೂ ಅವನ ಟೈಪಿನಲ್ಲಿ ಒಂದು ಸೊನ್ನೆಯ ತಪ್ಪು ಹಿಡಿದವರಲ್ಲ. "ವ್ಯಾಸರಾಜರು ಟೈಪ್ ಮಾಡ್ಯಾರಂದ್ರ ಓದೂದ ಬ್ಯಾಡ" ಎಂದು ನಿಂತಲ್ಲೇ ಸಹಿ ಹಾಕುತ್ತಿದ್ದರು. ಆ ಮಾತು ಕೇಳಿದ ದಿನ ಅವನು ಮನೆಗೆ ಹೋಗುವಾಗ ರೈಲ್ವೆ ಗೇಟಿನ ಹತ್ತಿರ ಅದಿರು ಲಾರಿಗಳು ಎಬ್ಬಿಸಿದ ಕೆಂಪು ಧೂಳನ್ನೂ ಬೈಯದೆ ದಾಟುತ್ತಿದ್ದ. ಈಗ ಅವನು ಸಿ.ಡಿ. ಕೇಳಲು ಹೊರಗೆ ಬಂದ.

ಹೊರಗಿನ ಬೆಂಚಿನ ಮೇಲೆ ಯಮನೂರಪ್ಪನ ಹೆಂಡತಿ ಭಾಗವ್ವ ಕೂತಿದ್ದಳು. ಎಡಗಾಲಿಗೆ ಮೊಣಕಾಲಿನವರೆಗೆ ಪ್ಲಾಸ್ಟರು, ಪಕ್ಕದಲ್ಲಿ ಕೋಲು, ಮಡಿಲಲ್ಲಿ ಬಟ್ಟೆಯ ಚೀಲ. ಯಮನೂರಪ್ಪ ಗೋಡೆಗೆ ಒರಗಿ ನಿಂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ವ್ಯಾಸರಾಜನನ್ನು ಕಂಡ ಕೂಡಲೇ ಇಬ್ಬರ ಮುಖವೂ ಅರಳಿತು. ಕೊಂಕಣಿ, ಮರಾಠಿ, ಹಿಂದಿಯ ನಡುವೆ ಈ ಕಟ್ಟಡದಲ್ಲಿ ತಮ್ಮ ಮಾತಾಡುವ ಒಬ್ಬ ಸಾಹೇಬ ಇದ್ದಾನೆ ಎಂಬ ಹಿಗ್ಗು ಅದು. ಪ್ರತಿ ವರ್ಷ ವರದಿಯನ್ನು ಅವರಿಗೆ ಓದಿ ಹೇಳುವವನೂ ಅವನೇ. ಹೋದ ವರ್ಷ ಇದೇ ಬೆಂಚಿನ ಎದುರು ನಿಂತು, "ಹಂಗ ಅದ ಯಮನೂರಪ್ಪ, ಒಂದು ಕೂದಲಷ್ಟೂ ಬೆಳದಿಲ್ಲ. ಭಾರ ಮಾತ್ರ ಎತ್ತಬ್ಯಾಡ" ಎಂದಿದ್ದ. ಭಾರದ ಮಾತನ್ನು ಯಾವ ಡಾಕ್ಟರರೂ ಹೇಳಿರಲಿಲ್ಲ. ಬರೀ ಓದಿ ಹೇಳಿದರೆ ಸಾಲದು, ತನ್ನದೂ ಒಂದು ಮಾತು ಇರಲಿ ಎಂದು ಸೇರಿಸಿದ್ದು.

"ಸಿ.ಡಿ. ಎಲ್ಲೈತ್ರೀ ಸಾಹೇಬ್ರ," ಎಂದಳು ಭಾಗವ್ವ. "ಮಳಿಗಾಲದಾಗ ಮನ್ಯಾಗ ನೀರ ಹೊಕ್ಕು ಟ್ರಂಕಿನಾಗಿಂದೆಲ್ಲಾ ತೊಯ್ದು ಹೋತು." ಆಮೇಲೆ ದನಿ ಇಳಿಸಿ ಕೇಳಿದಳು. "ಬೆಳದೈತೇನ್ರಿ?"

ವ್ಯಾಸರಾಜ "ಮೇಡಂ ನೋಡ್ಲಿಕ್ಕೆ ಹತ್ಯಾರ" ಎಂದ.

"ಬೆಳದಿರ್ತೈತ್ರಿ. ಯಾಕ ಬೆಳದೈತಿ ಅಂತ ನನಗ ಗೊತ್ತೈತಿ." ಅವಳು ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಎರಡ ತಿಂಗಳ ಹಿಂದ ಮಳ್ಯಾಗ ಜಾರಿ ಬಿದ್ನಿ. ನಮ್ಮ ಗುಡ್ಡದ ಮ್ಯಾಲ ರಿಕ್ಷಾ ಬರೂದಿಲ್ಲ. ಇವ್ರು ನನ್ನ ಬೆನ್ನಿಗೆ ಹಾಕ್ಕೊಂಡು ರಸ್ತೆ ತನಕಾ ಹೊತ್ತು ತಂದ್ರು. ಭಾರ ಎತ್ತಬ್ಯಾಡ ಅಂತ ನೀವು ಹೇಳಿದ್ದು ನನಗ ನೆನಪಿತ್ರಿ. ಬ್ಯಾಡ ಅಂದ್ನಿ. ಖರೇ ಅಂದ್ನಿ. ಆದ್ರ ಕಾಲು ಅಷ್ಟು ನೋಯಾಕತ್ತಿತ್ತಲ್ರಿ, ಭಾಳ ಸಲ ಅನ್ಲಿಲ್ಲ."

"ಮುಂಜಾನಿಂದ ಇದನ್ನ ಹೇಳಾಕತ್ತಾಳ," ಎಂದ ಯಮನೂರಪ್ಪ ನಗುತ್ತ. "ಎರಡ ತಿಂಗಳಿಂದ ಹೊಟ್ಟಿತುಂಬ ಉಂಡಿಲ್ರಿ ಈಕಿ. ತೂಕ ಇಳಿಸಾಕತ್ತಾಳ, ಈಗ ಇಳಿಸಿ ಏನ್ ಮಾಡೂದೈತಿ?"

ಭಾಗವ್ವ ನಗಲಿಲ್ಲ. "ಯಾರದರ ತಪ್ಪು ಅಂತ ಇರ್ಬೇಕಲ್ರಿ," ಎಂದು ಪ್ಲಾಸ್ಟರಿನ ಮೇಲೆ ಮೆಲ್ಲಗೆ ಒಂದು ಏಟು ಕೊಟ್ಟಳು, ತನ್ನ ಕಾಲಿಗಲ್ಲ, ಹಟಮಾರಿ ಎಮ್ಮೆಗೆ ಕೊಟ್ಟಂತೆ.

ವ್ಯಾಸರಾಜ ಒಳಗೆ ಬಂದು ಬಾಗಿಲು ಮುಂದೆ ಮಾಡಿಕೊಂಡ. ಅವನ ಮೇಜಿನ ಕೆಳಗೆ ಹನ್ನೆರಡು ಚಪ್ಪಲಿಯ ಡಬ್ಬಗಳಿದ್ದವು, ತಿಂಗಳಿಗೊಂದು. ಟೈಪಾದ ಮೇಲೆ ಡಾಕ್ಟರರ ಚೀಟಿಯನ್ನು ಎಲ್ಲರೂ ಕಸಕ್ಕೆ ಹಾಕಿದರೆ ಅವನು ದಾರದಲ್ಲಿ ಪೋಣಿಸಿ ವರ್ಷಕಾಲ ಇಡುತ್ತಿದ್ದ. ಸೆಂಟರಿನವರೆಲ್ಲ ನಗುತ್ತಿದ್ದರು. ಈ ಡಬ್ಬಗಳು ಇಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮೊದಲ ಸಲ ಅನಿಸಿತು. ಅಕ್ಟೋಬರಿನ ಡಬ್ಬದ ಮೇಲೆ ಧೂಳಿತ್ತು. ನೆಲದ ಮೇಲೆ ಕೂತು ಒಂದೊಂದೇ ಚೀಟಿ ಸರಿಸಿದ. ಸಿಗದಿರಲಿ ಎಂದು ರಾಯರನ್ನು ನೆನೆದ. ಇಂಥದ್ದಕ್ಕೆ ರಾಯರನ್ನು ಕರೆಯುವುದೇ ಎಂದು ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಅದು ಸಿಕ್ಕಿತು. ಮೇಡಂ ಕೈಬರಹ, ಯಮನೂರಪ್ಪನ ಹೆಸರು, ಕೆಳಗೆ ಎರಡು ಅಂಕಿ. ಚೀಲ ಐವತ್ತೇಳು. ಕುತ್ತಿಗೆ ಇಪ್ಪತ್ತೆಂಟು. ಮೂಲೆಯಲ್ಲಿ ಎಣ್ಣೆಯ ಒಂದು ಕಲೆ ಕಾಗದವನ್ನು ಗಾಜಿನಂತೆ ಪಾರದರ್ಶಕ ಮಾಡಿತ್ತು.

ಕಲೆ ನೋಡಿದ ಮೇಲೆ ಏನೂ ಮರೆಯಾಗಿ ಉಳಿಯಲಿಲ್ಲ. ಪ್ರತಿ ವರ್ಷ ಭಾಗವ್ವ ಅವನಿಗೆಂದು ಶೇಂಗಾ ಹೋಳಿಗೆ ಮಾಡಿ ಸ್ಟೀಲಿನ ಡಬ್ಬಿಯಲ್ಲಿ ತರುತ್ತಿದ್ದಳು. "ನಮ್ಮ ಕಡೆಯವ್ರು ನೀವು, ಇಲ್ಲಿ ಯಾರ ಮಾಡಿ ಕೊಡ್ತಾರ್ರಿ ನಿಮಗ" ಎನ್ನುತ್ತಿದ್ದಳು. ಅವನು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದ, "ಭಾಳ ಸಂತೋಷ" ಎನ್ನುತ್ತಿದ್ದ, ಅವರು ಆಚೆ ಹೋದ ಮೇಲೆ ಕಸ ಗುಡಿಸುವ ಸೋನಿಬಾಯಿಯನ್ನು ಕರೆದು ಕೊಟ್ಟುಬಿಡುತ್ತಿದ್ದ. ಸೋನಿಬಾಯಿ ವಿಜಯಪುರದ ಕಡೆಯ ಲಂಬಾಣಿ. ಗುಡ್ಡದ ಮೇಲೆ ಭಾಗವ್ವನ ಮನೆಗಿಂತ ಮೂರು ಮನೆ ಕೆಳಗೆ ಇರುತ್ತಿದ್ದಳು. ಡಬ್ಬಿ ತೊಳೆದು ಅವಳೇ ಮುಟ್ಟಿಸುತ್ತಿದ್ದಳು. "ಭಾಳ ಚಲೋ ಆಗಿತ್ತು ಅಂತ ಹೇಳು" ಎಂದು ಅವನು ಹೇಳಿ ಕಳಿಸುತ್ತಿದ್ದ. ಮಡಿ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಅವನಿಗೆ ಈ ಕಾಲದಲ್ಲಿ ಇರಲಿಲ್ಲ. ಸ್ಟೇಷನ್ನಿನ ಕ್ಯಾಂಟೀನಿನಲ್ಲಿ ಯಾರು ಕರಿದರೋ ತಿಳಿಯದ ಭಜಿ ದಿನಾ ತಿನ್ನುತ್ತಿದ್ದ. ಗೊತ್ತಿಲ್ಲದ ಕೈ ನಡೆಯುತ್ತಿತ್ತು, ಗೊತ್ತಿರುವ ಕೈ ನಡೆಯುತ್ತಿರಲಿಲ್ಲ. ಹೋದ ವರ್ಷ ಭಾಗವ್ವ ಒಳಗೇ ಬಂದು ಡಬ್ಬಿಯನ್ನು ಅವನ ಮೇಜಿನ ಮೇಲೆ, ಕೀಬೋರ್ಡಿನ ಪಕ್ಕ, ಊಟದ ಗಂಟಿಗೆ ತಾಗುವಂತೆ ಇಟ್ಟು ಹೋದಳು. ಪದ್ಮಾಬಾಯಿ ಕಟ್ಟಿಕೊಟ್ಟ ಗಂಟು. ಅವನು ಆಗ ತಾರೀಖು ತಿದ್ದಿದ್ದ, ಅಳತೆ ತಿದ್ದುವವನಿದ್ದ. ಆ ಡಬ್ಬಿ ಅಲ್ಲಿ ಇರುವವರೆಗೆ ಒಂದು ಅಕ್ಷರವೂ ಬೆರಳಿಗೆ ಬರಲಿಲ್ಲ. ಕೈಗೆ ಸಿಕ್ಕ ಈ ಅಳತೆಯ ಚೀಟಿಯನ್ನೇ ಬೆರಳಿಗೂ ಡಬ್ಬಿಗೂ ನಡುವೆ ಇಟ್ಟು ಡಬ್ಬಿ ಎತ್ತಿ, ಮೈಯಿಂದ ದೂರ ಹಿಡಿದು, ಸೋನೀ ಸೋನೀ ಎಂದು ಮೂರು ಸಲ ಕೂಗಿ, ಕೊಟ್ಟು, ಕೈ ತೊಳೆದು, ಒರೆಸಿ, ಬಂದು ಕೂತ. ಹೆಸರು ಸರಿಯಿತ್ತು, ತಾರೀಖು ಸರಿಯಿತ್ತು. ಪ್ರಿಂಟು ಒತ್ತಿದ. ಕೈ ಸ್ವಚ್ಛವಾಗಿತ್ತು.

ಚೀಟಿ ಹರಿದರೆ ಮುಗಿಯಿತು. ಸಿ.ಡಿ. ತೊಯ್ದು ಹೋಗಿದೆ, ಮಶೀನು ಮರೆತಿದೆ, ಈ ಅಂಕಿ ಈಗ ಜಗತ್ತಿನಲ್ಲಿ ಇದೊಂದು ಕಾಗದದ ಮೇಲೆ ಮಾತ್ರ ಇದೆ. ಅವನು ಅದನ್ನು ಅರ್ಧಕ್ಕೆ ಮಡಿಚಿದ, ಮತ್ತೊಮ್ಮೆ ಮಡಿಚಿದ. ಯಮನೂರಪ್ಪನಿಗೆ ಆಗಬೇಕಾದದ್ದು ಹೇಗೂ ಆಗುತ್ತದೆ, ಆಪರೇಷನ್ ಹೇಗೂ ಮಾಡುತ್ತಾರೆ, ನಾನು ಹೇಳಿದರೆ ಅವನ ನಾಳ ಕುಗ್ಗುತ್ತದೆಯೇ? ಎರಡು ವರ್ಷದಲ್ಲಿ ನಿವೃತ್ತಿ. ಹೀಗೆಲ್ಲ ಯೋಚನೆ ಬಂದವು. ಬಂದದ್ದಕ್ಕೆ ನಾಚಿಕೆಯೂ ಆಯಿತು. ನಾಚಿಕೆಯಾದರೂ ಅವು ನಿಲ್ಲಲಿಲ್ಲ. ಹೊರಗೆ ಭಾಗವ್ವನ ಕೋಲು ನೆಲಕ್ಕೆ ತಗುಲಿದ ಸದ್ದು ಬಂತು. ಯಮನೂರಪ್ಪ ಏನೋ ಅಂದ. ಅವಳು "ನನ್ನ ಬಿಟ್ಟು ಹೋಗಿದ್ರ ಏನಾಗ್ತಿತ್ತು, ಕುಂಟಿ ಆಗಿರ್ತಿದ್ನಿ, ಅಷ್ಟ ಹೌದಿಲ್ಲೊ" ಎಂದದ್ದು ಬಾಗಿಲಿನ ಸಂದಿಯಿಂದ ಸ್ಪಷ್ಟವಾಗಿ ಕೇಳಿಸಿತು. ತಾನು ಇಳಿಸಿದ ಭಾರವನ್ನು ಆ ಹೆಂಗಸು ಎರಡು ತಿಂಗಳಿಂದ ಹೊತ್ತು ಕೂತಿದ್ದಾಳೆ, ಊಟ ಬಿಟ್ಟಿದ್ದಾಳೆ. ಈ ಚೀಟಿ ಹರಿದರೆ ಸಾಯುವವರೆಗೂ ಹೊರುತ್ತಾಳೆ. ವ್ಯಾಸರಾಜ ಮಡಿಕೆ ಬಿಡಿಸಿದ.

ಅವನು ಮುಂದೆ ಇಟ್ಟ ಚೀಟಿಯನ್ನು ಸುಮೇಧಾ ಮೇಡಂ ಓದಿದರು. ಕೂಗಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವರು ಕೂಗಾಡಲಿಲ್ಲ.

"ನಾನೂ ಓದದ ಸಹಿ ಮಾಡೀನಲ್ಲ," ಎಂದರು.

"ತಪ್ಪು ನಂದ್ರೀ ಮೇಡಂ."

"ಕೇಳ್ರಿಲ್ಲೆ. ಐವತ್ತೇಳು, ಈಗ ಅರವತ್ನಾಲ್ಕು. ಅಂದ್ರ ಒಮ್ಮಿಂದೊಮ್ಮೆಲೆ ಉಬ್ಬಿಲ್ಲ, ಎರಡು ವರ್ಷದಿಂದ ಮೆಲ್ಲಕ ಬೆಳಕೋತ ಬಂದದ. ಕೊಳವಿಗೆ ಸೋಂಕು ತಗಲಿರಬಹುದು ಅಂತ ಬರೀಲಿಕ್ಕೆ ಹೊರಟಿದ್ದೆ, ಈಗ ಅದನ್ನ ಬಿಡಬಹುದು. ಹಳೇದಕ್ಕ ತಿದ್ದುಪಡಿ ಮಾಡ್ರಿ, ಸರ್ಜನ್‌ಗೆ ನಾ ಫೋನ್ ಮಾಡ್ತೀನಿ."

"ಹೋದ ವರ್ಷಾನೇ ಗೊತ್ತಾಗಿದ್ರ?"

ಮೇಡಂ ಪರದೆಯ ಕಡೆ ತಿರುಗಿದರು. "ಕೊಳವಿ ಮ್ಯಾಲೊಂದು ಸಣ್ಣ ತುಂಡು ಜೋಡಿಸಿದ್ರ ಆಗ್ತಿತ್ತು. ಈಗ ಹಿಗ್ಗಿದ್ದು ಕಿಡ್ನಿ ನಾಳದ ಬುಡಕ್ಕ ಹತ್ತೇದ. ಹೊಟ್ಟಿ ಕೊಯ್ಯಬೇಕಾಗಬಹುದು." ಆಮೇಲೆ ಅವನ ಮುಖ ನೋಡದೆ ಸೇರಿಸಿದರು. "ಅವ್ರಿಗೆ ಇದೆಲ್ಲಾ ಹೇಳಬ್ಯಾಡ್ರಿ. ಸರ್ಜನ್‌ಗೆ ತಿಳಿದ್ರ ಸಾಕು. ಅವ್ರಿಗೇನ ತಿಳೀತದ?"

ಹನ್ನೊಂದು ವರ್ಷದಲ್ಲಿ ಈ ಮಾತನ್ನು ಎಷ್ಟು ಸಲ ತಾನೇ ಅಂದಿಲ್ಲ! ಹೋದ ವರ್ಷ ಐವತ್ತೊಂದು ಎಂದು ಓದಿ ಹೇಳುವಾಗಲೂ ಗಂಡ ಹೆಂಡತಿ ತನ್ನ ಮುಖ ನೋಡುತ್ತಿದ್ದರು, ಕಾಗದವನ್ನಲ್ಲ. ಅವರು ನಂಬಿದ್ದು ಅಂಕಿಯನ್ನಲ್ಲ, ಮುಖವನ್ನು. ವ್ಯಾಸರಾಜ ಚೀಟಿ ಕೈಯಲ್ಲಿ ಹಿಡಿದು ಹೊರಗೆ ಬಂದ. ಮೇಡಂ ತಡೆಯಲಿಲ್ಲ.

"ಯಮನೂರಪ್ಪ, ಇದು ಹೋದ ವರ್ಷಾನೇ ಬೆಳದಿತ್ತು," ಎಂದ. ಮಾತು ಅವನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಕೂತಿದ್ದ ಇಬ್ಬರು ಮೂವರು ತಿರುಗಿ ನೋಡಿದರು. "ನಾನು ತಪ್ಪು ಟೈಪ್ ಮಾಡಿದೆ. ಹಳೇ ಅಂಕಿ ಹಂಗ ಬಿಟ್ಟೆ, ಅದನ್ನ ನಿಮಗೂ ಓದಿ ಹೇಳಿದೆ. ಏನೂ ಬೆಳದಿಲ್ಲ ಅಂದೆ."

ಯಮನೂರಪ್ಪ ಮೊದಲು ನಕ್ಕ. "ಬಿಡ್ರಿ ಸಾಹೇಬ್ರ. ಈಕಿನ ಸಮಾಧಾನ ಮಾಡಾಕ ನೀವ್ಯಾಕ ತಪ್ಪು ಮ್ಯಾಲ ಹಾಕ್ಕೋತೀರಿ?"

ವ್ಯಾಸರಾಜ ಚೀಟಿ ಮುಂದೆ ಹಿಡಿದ. ಯಮನೂರಪ್ಪನಿಗೆ ಅಕ್ಷರ ಬರದಿದ್ದರೂ ಅಂಕಿ ಬರುತ್ತಿತ್ತು. ವರ್ಷಗಟ್ಟಲೆ ಕಲ್ಲು ಎಣಿಸಿದವನು. ಬೆರಳಿಟ್ಟು ಐದು, ಏಳು ಎಂದು ಓದಿದ. ಈಗ ಬೈಯುತ್ತಾನೆ, ಬೈಯಲಿ ಎಂದು ವ್ಯಾಸರಾಜ ಕಾದ. ಯಮನೂರಪ್ಪ ಹೆಂಡತಿಯ ಕಡೆ ತಿರುಗಿ, "ಏ, ಕೇಳಿದೇನ? ನಿನ್ನ ಹೊತ್ತಿದ್ದಕ್ಕ ಅಲ್ಲಂತ! ಹೋದ ವರ್ಷಾನ ಇತ್ತಂತ!" ಎಂದ. ಅವನ ದನಿಯಲ್ಲಿ ಇದ್ದದ್ದು ಸಂತೋಷ.

"ಖರೇ ಏನ್ರಿ?" ಭಾಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ನನ್ನ ಭಾರಕ್ಕ ಅಲ್ಲೇನ್ರಿ?"

"ಅಲ್ಲವ್ವ. ಭಾರ ಎತ್ತಿದ್ರ ಬೆಳೀತದ ಅಂತ ಡಾಕ್ಟರ್ ಹೇಳಿದ್ದೂ ಅಲ್ಲ. ಅದನ್ನೂ ನಾನ ಹೇಳಿದ್ದು."

ಅವಳು ಅತ್ತಳು. ಎರಡು ತಿಂಗಳ ಅಳು ಒಟ್ಟಿಗೆ ಬಂದಿತ್ತು. ಯಮನೂರಪ್ಪ ಚೀಟಿಯನ್ನು ಹಿಂದಕ್ಕೆ ಕೊಟ್ಟು, ಎರಡೂ ಕೈ ಜೋಡಿಸಿ, "ಭಾಳ ಉಪಕಾರ ಆತ್ರಿ ಸಾಹೇಬ್ರ. ಇನ್ನ ಈಕಿ ಉಣ್ತಾಳ," ಎಂದ. ಕಪಾಳಕ್ಕೆ ಹೊಡೆದಿದ್ದರೆ ವ್ಯಾಸರಾಜ ತಡೆದುಕೊಳ್ಳುತ್ತಿದ್ದ. ಈ ಕೈಮುಗಿತವನ್ನು ಎಲ್ಲಿಡಬೇಕೋ ಅವನಿಗೆ ತಿಳಿಯಲಿಲ್ಲ.

ಭಾಗವ್ವ ಮುಖ ಒರೆಸಿಕೊಂಡಳು. ಒರೆಸಿಕೊಂಡು ಎತ್ತಿದ ಮುಖ ಬೇರೆಯಾಗಿತ್ತು. "ಹೋದ ವರ್ಷ ಗೊತ್ತಾಗಿದ್ರ ಹಗೂರ ಆಗಿರ್ತಿತ್ತೇನ್ರಿ ಆಪರೇಷನ್ನು?"

"ಹೌದವ್ವ."

"ಈಗ?"

"ಕಷ್ಟ ಅದ. ಇವತ್ತ ದೊಡ್ಡಾಸ್ಪತ್ರೆಗೆ ಹೋಗ್ಬೇಕು. ಮೇಡಂ ಫೋನ್ ಮಾಡ್ಯಾರ, ಗಾಡಿ ಬರ್ತದ."

ಅವಳು ತಲೆಯಾಡಿಸಿದಳು. ಡಬ್ಬಿಯ ಮಾತು, ಕೈ ತೊಳೆದ ಮಾತು ವ್ಯಾಸರಾಜ ಇನ್ನೂ ಹೇಳಿರಲಿಲ್ಲ. ಅಂಕಿಯ ತಪ್ಪು ಹೇಳಬಹುದಾದ ತಪ್ಪಾಗಿತ್ತು, ಹೇಳಿದ. ಇನ್ನೊಂದನ್ನು ಯಾವ ಮಾತಿನಲ್ಲಿ ಹೇಳುವುದು? ಸ್ವಲ್ಪ ಹೊತ್ತಿಗೆ ಹೊರಗೆ ಗಾಡಿಯ ಹಾರನ್ನು ಕೇಳಿಸಿತು. ಯಮನೂರಪ್ಪ ಹೆಂಡತಿಯನ್ನು ಎಬ್ಬಿಸಲು ತೋಳು ಕೊಡಹೋದ. ಅವಳು ಬೇಡ ಎಂದು ಕೋಲೂರಿ ತಾನೇ ಎದ್ದಳು, ಎದ್ದು ಚೀಲಕ್ಕೆ ಕೈ ಹಾಕಿ ಸ್ಟೀಲಿನ ಡಬ್ಬಿ ತೆಗೆದಳು. ಮುಚ್ಚಳದ ಅಂಚಿನಲ್ಲಿ ಎಣ್ಣೆ ಮಿನುಗುತ್ತಿತ್ತು. ಹುರಿದ ಶೇಂಗಾ, ಬೆಲ್ಲದ ವಾಸನೆ ಫಿನಾಯಿಲಿನ ವಾಸನೆಯನ್ನೂ ಮೀರಿ ಬಂತು. ಎರಡು ತಿಂಗಳು ಅರೆಹೊಟ್ಟೆ ಇದ್ದವಳು, ಕಾಲು ಮುರಿದವಳು, ಬೆಳಗಿನ ಜಾವ ಎದ್ದು ಒಲೆಯ ಮುಂದೆ ಕೂತು ಇದನ್ನು ತಟ್ಟಿದ್ದಾಳೆ. ವ್ಯಾಸರಾಜನಿಗೆ ಅದನ್ನು ಇಲ್ಲೇ, ಎಲ್ಲರ ಎದುರು, ಬಿಚ್ಚಿ ತಿನ್ನಬೇಕು ಅನಿಸಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಬಾಯಲ್ಲಿ ನೀರು ಬಂತು. ಅವನ ಎರಡೂ ಕೈ ತಾವೇ ಮುಂದೆ ಹೋದವು. ಭಾಗವ್ವ ಆ ಕೈಗಳನ್ನು ನೋಡಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ.

"ಸೋನೀ," ಎಂದು ಕರೆದಳು.

ಮೂಲೆಯಲ್ಲಿ ನೆಲ ಒರೆಸುತ್ತಿದ್ದ ಸೋನಿಬಾಯಿ ತಲೆಯೆತ್ತಿ ನೋಡಿದಳು, ವ್ಯಾಸರಾಜನ ಮುಖ ನೋಡಿದಳು, ಕೂಡಲೇ ಕಣ್ಣು ಕೆಳಗೆ ಹಾಕಿದಳು.

"ಬಾ, ತಗೊ. ಹೆಂಗೂ ನಿನಗ ಬರೂದು. ಈ ವರ್ಷ ನನ್ನ ಕೈಲೆ ಕೊಡ್ತೀನಿ."

"ಏ, ಸಾಹೇಬ್ರಿಗಿ ತಂದಿದ್ದಲ್ಲೇನ ಅದು?" ಎಂದ ಯಮನೂರಪ್ಪ. ಅವನಿಗೆ ಏನೂ ಗೊತ್ತಿರಲಿಲ್ಲ.

"ಸಾಹೇಬ್ರು ತಿನ್ನೂದಿಲ್ಲ," ಎಂದಳು ಭಾಗವ್ವ. ಹವಾಮಾನದ ಮಾತಾಡಿದಷ್ಟು ಸಹಜವಾಗಿ ಎಂದಳು. ಡಬ್ಬಿಯನ್ನು ಸೋನಿಬಾಯಿಯ ಒದ್ದೆ ಕೈಯಲ್ಲಿಟ್ಟು, ಗಂಡನ ಹಿಂದೆ ಒಂದೊಂದೇ ಹೆಜ್ಜೆ ಊರುತ್ತ ಬಾಗಿಲು ದಾಟಿದಳು. ಗಾಡಿ ಹೊರಟಿತು. ಸೋನಿಬಾಯಿ ಡಬ್ಬಿ ಹಿಡಿದು ನಿಂತೇ ಇದ್ದಳು. ತನ್ನ ಕೈಗಳು ಇನ್ನೂ ಮುಂದಕ್ಕೆ ಚಾಚಿಯೇ ಇವೆ ಎಂಬುದು ವ್ಯಾಸರಾಜನಿಗೆ ಆಮೇಲೆ ಗೊತ್ತಾಯಿತು.